ಬ್ಯಾಲಟ್‌ನ ಕೊನೇ ಪುಟ: ಕ್ಯಾಲಿಫೋರ್ನಿಯಾದ ಸ್ಕೂಲ್ ಬೋರ್ಡ್ ಎಲೆಕ್ಷನ್, ಸ್ಕೂಲ್ ಬಾಂಡ್ ಬಗ್ಗೆ ನಮ್ಮವ್ರು ಪದೇ ಪದೇ ಕೇಳೋ ಪ್ರಶ್ನೆಗಳು

ಎಲೆಕ್ಷನ್ ಇರೋ ವರ್ಷ ಅಕ್ಟೋಬರ್‌ನಲ್ಲಿ ಗೊಂಬೆ ಕೂರ್ಸಿರೋರ ಮನೆಗೆ ಹೋದ್ರೆ ಅರಿಶಿನ ಕುಂಕುಮ ತಗೊಂಡು ಎದ್ದೇಳೋಷ್ಟ್ರಲ್ಲಿ ಯಾರಾದ್ರೂ ಒಬ್ರು ಫೋನ್ ತೆಗೆದು ಬ್ಯಾಲಟ್ ಫೋಟೋ ತೋರ್ಸ್ತಾರೆ, "ಇದೇನ್ರೀ ಮೆಷರ್ ಅಂತ ಇದ್ಯಲ್ಲ, ಯೆಸ್ ಹಾಕೋದಾ ನೋ ಹಾಕೋದಾ?" ಅಂತ. ಮೆಷರ್ ಅಂದ್ರೆ ಜನ ಯೆಸ್ ಇಲ್ಲಾ ನೋ ಅಂತ ವೋಟ್ ಹಾಕಿ ತೀರ್ಮಾನ ಮಾಡೋ ಪ್ರಸ್ತಾವ. ಪ್ರೆಸಿಡೆಂಟ್ ಯಾರಾಗ್ಬೇಕು ಅಂತ ಎರಡು ಗಂಟೆ ಜಗಳ ಆಡಿರೋರೇ ಇವ್ರು. ಸ್ಕೂಲ್ ರೇಟಿಂಗ್ ನೋಡಿ ಮನೆಗೆ ಎರಡು ಮೂರು ಲಕ್ಷ ಡಾಲರ್ ಜಾಸ್ತಿ ಕೊಟ್ಟಿರ್ತಾರೆ, ಆ ಸ್ಕೂಲ್ ನಡ್ಸೋರು ಯಾರು ಅಂತ ಮಾತ್ರ ಗೊತ್ತಿರಲ್ಲ. ನಾನೂ ಸಿಟಿಜನ್ ಆಗಿ ಮೊದಲನೇ ಸಲ ವೋಟ್ ಹಾಕ್ದಾಗ ಮೇಲಿಂದ ನಾಲ್ಕು ಗುಂಡಿ ತುಂಬಿ ಕೆಳಗಿಂದೆಲ್ಲ ಹಾಗೇ ಬಿಟ್ಟಿದ್ದೆ, ಅದಕ್ಕೇ ಯಾರನ್ನೂ ಬೈತಿಲ್ಲ. ಕೇಳಿರೋ ಪ್ರಶ್ನೆಗಳನ್ನೆಲ್ಲ ಒಂದ್ಕಡೆ ಹಾಕಿದೀನಿ.

ಸ್ಕೂಲ್ ಬೋರ್ಡ್ ಅಂದ್ರೆ ಪಿಟಿಎ ತಾನೆ?

ಅಲ್ಲ. ಪಿಟಿಎ ಅಂದ್ರೆ ಪೇರೆಂಟ್ಸ್ ಸೇರ್ಕೊಂಡು ಮಾಡಿರೋ ಸಂಘ, ಬೇಕ್ ಸೇಲ್, ಟೀಚರ್ಸ್‌ಗೆ ಊಟ, ಆಟದ ದಿನ ಇಂಥದ್ದು. ಎಜುಕೇಶನ್ ಫೌಂಡೇಶನ್ ಅಂತ ಇನ್ನೊಂದು ಇರುತ್ತೆ, ವರ್ಷಕ್ಕೊಂದ್ಸಲ ಡೊನೇಶನ್ ಕೇಳೋದು ಅದು. ಸ್ಕೂಲ್ ಬೋರ್ಡ್ ಅನ್ನೋದು ಜನ ವೋಟ್ ಹಾಕಿ ಆರಿಸೋ ಸರ್ಕಾರಿ ಸಂಸ್ಥೆ. ಸಾಮಾನ್ಯವಾಗಿ ಐದು ಇಲ್ಲಾ ಏಳು ಜನ, ನಾಲ್ಕು ವರ್ಷದ ಅವಧಿ, ಎಲ್ರೂ ಒಟ್ಟಿಗೆ ಬದಲಾಗಲ್ಲ, ಎರಡು ವರ್ಷಕ್ಕೊಂದ್ಸಲ ಅರ್ಧಂಬರ್ಧ ಸೀಟಿಗೆ ಎಲೆಕ್ಷನ್ ಬರುತ್ತೆ. ಸೂಪರಿಂಟೆಂಡೆಂಟ್‌ನ, ಅಂದ್ರೆ ಸ್ಕೂಲ್‌ಗಳನ್ನೆಲ್ಲ ನಡ್ಸೋ ಮುಖ್ಯ ಅಧಿಕಾರಿನ, ನೇಮಿಸೋದು, ತೆಗೆಯೋದು ಇವ್ರು. ಬಜೆಟ್ ಪಾಸ್ ಮಾಡೋದು, ಟೀಚರ್ಸ್ ಯೂನಿಯನ್ ಜೊತೆ ಆಗೋ ಸಂಬಳದ ಒಪ್ಪಂದಕ್ಕೆ ಕೊನೇ ಒಪ್ಪಿಗೆ ಕೊಡೋದು, ಯಾವ ಏರಿಯಾದ ಮಕ್ಕಳು ಯಾವ ಸ್ಕೂಲಿಗೆ ಅಂತ ಗೆರೆ ಎಳೆಯೋದು, ಮಕ್ಕಳು ಕಮ್ಮಿ ಆದ್ರೆ ಸ್ಕೂಲ್ ಮುಚ್ಚೋದು, ಎಲ್ಲಾ ಇವ್ರ ಕೈಲೇ.

ಮುಚ್ಚೋದು ಅಂದ್ರೆ ಎಲ್ಲೋ ಬಡ ಏರಿಯಾದಲ್ಲಿ ಅನ್ಕೋಬೇಡಿ. ಕ್ಯುಪರ್ಟಿನೊ ಯೂನಿಯನ್ ಸ್ಕೂಲ್ ಡಿಸ್ಟ್ರಿಕ್ಟ್‌ನವ್ರು (ಡಿಸ್ಟ್ರಿಕ್ಟ್ ಅಂದ್ರೆ ಇಲ್ಲಿ ಜಿಲ್ಲೆ ಅಲ್ಲ, ಒಂದು ಬೋರ್ಡ್ ಕೆಳಗೆ ಬರೋ ಸ್ಕೂಲ್‌ಗಳ ವ್ಯಾಪ್ತಿ) 2021ರಲ್ಲಿ ರೆಗ್ನಾರ್ಟ್, ಮೇಯರ್‌ಹೋಲ್ಜ್ ಅನ್ನೋ ಎರಡು ಎಲಿಮೆಂಟರಿ ಸ್ಕೂಲ್ ಮುಚ್ಚೋಕೆ ತೀರ್ಮಾನ ಮಾಡಿದ್ರು. ಮನೆ ರೇಟು ಈ ಮಟ್ಟಕ್ಕೆ ಹೋದ್ಮೇಲೆ ಚಿಕ್ಕ ಮಕ್ಕಳಿರೋ ಫ್ಯಾಮಿಲಿ ಅಲ್ಲಿ ಮನೆ ತಗೊಳ್ಳೋದು ಹೆಂಗೆ, ಮಕ್ಕಳಿಲ್ದೆ ಸ್ಕೂಲ್ ನಡ್ಯೋದು ಹೆಂಗೆ.

ಊರಲ್ಲಿ ಎಸ್‌ಡಿಎಂಸಿ ಇತ್ತಲ್ಲ, ಹಂಗಾ?

ಒಂಚೂರು ಹಂಗೇ, ಜಾಸ್ತಿ ಹಂಗಲ್ಲ. ಕರ್ನಾಟಕದಲ್ಲಿ 2001ರಲ್ಲಿ ಶುರುವಾದ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ ಒಂದೊಂದು ಸರ್ಕಾರಿ ಶಾಲೆಗೆ ಒಂದೊಂದು, ಅಲ್ಲಿ ಓದೋ ಮಕ್ಕಳ ತಂದೆ ತಾಯಿಗಳೇ ಸದಸ್ಯರು. ಆದ್ರೆ ಮೇಷ್ಟ್ರ ನೇಮಕ, ಸಂಬಳ, ವರ್ಗಾವಣೆ ಎಲ್ಲಾ ಇಲಾಖೆದು, ಬಿಇಒ ಆಫೀಸಿಂದ ಮೇಲಕ್ಕೆ. ಇಲ್ಲಿ ಬೋರ್ಡ್ ಇಡೀ ಡಿಸ್ಟ್ರಿಕ್ಟ್‌ಗೆ ಒಂದು, ಹತ್ತು ಇಪ್ಪತ್ತು ನಲವತ್ತು ಸ್ಕೂಲಿಗೆ ಒಂದೇ ಬೋರ್ಡ್, ಸಂಬಳ ಕೊಡೋದೂ ಅದೇ, ಜನರ ಒಪ್ಪಿಗೆ ತಗೊಂಡು ಸಾಲ ಎತ್ತೋದೂ ಅದೇ. ನಮ್ಮೂರ ಎಸ್‌ಡಿಎಂಸಿ ಅಧ್ಯಕ್ಷರಿಗೆ ಕಾಂಪೌಂಡ್ ಗೋಡೆ ಹಾಕ್ಸೋಕೂ ಪಂಚಾಯ್ತಿ, ಎಂಎಲ್‌ಎ ಅಂತ ಓಡಾಡ್ಬೇಕು, ಇಲ್ಲಿಯವ್ರು ನೇರವಾಗಿ ನಮ್ಮ ಮನೆ ಟ್ಯಾಕ್ಸ್ ಬಿಲ್ಲಿಗೇ ಒಂದು ಸಾಲು ಸೇರ್ಸಬಹುದು.

ನಾನಿರೋದು ಸ್ಯಾನ್ ಹೋಸೆ, ಬ್ಯಾಲಟ್‌ನಲ್ಲಿ ಫ್ರೀಮಾಂಟ್ ಯೂನಿಯನ್ ಅಂತ ಬಂದಿದೆ. ತಪ್ಪು ಬ್ಯಾಲಟ್ ಬಂತಾ?

ಇಲ್ಲ, ಸರಿಯಾಗೇ ಬಂದಿದೆ. ಈ ಹೆಸರಿನ ಗೋಜಲಿಗೆ ಯಾರು ಕಾರಣವೋ ಏನೋ. ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್‌ಗೂ ಫ್ರೀಮಾಂಟ್ ಊರಿಗೂ ಸಂಬಂಧನೇ ಇಲ್ಲ. ಅದು ಕ್ಯುಪರ್ಟಿನೊ, ಸನಿವೇಲ್, ಪಶ್ಚಿಮ ಸ್ಯಾನ್ ಹೋಸೆ ಕಡೆದು, ಮೋಂಟಾ ವಿಸ್ಟಾ, ಲಿನ್‌ಬ್ರೂಕ್, ಹೋಮ್‌ಸ್ಟೆಡ್ ಎಲ್ಲಾ ಅದರೊಳಗೆ. ಫ್ರೀಮಾಂಟ್ ಊರಿಂದು ಫ್ರೀಮಾಂಟ್ ಯೂನಿಫೈಡ್, ಅದು ಅಲಮೇಡಾ ಕೌಂಟಿ. ಊರಿನ ಗಡಿ ಬೇರೆ, ಸ್ಕೂಲ್ ಡಿಸ್ಟ್ರಿಕ್ಟ್ ಗಡಿ ಬೇರೆ.

ಯೂನಿಫೈಡ್ ಅಂದ್ರೆ ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೇ ಕ್ಲಾಸ್‌ವರೆಗೆ ಒಂದೇ ಡಿಸ್ಟ್ರಿಕ್ಟ್. ಯೂನಿಫೈಡ್ ಇಲ್ಲದ ಕಡೆ ಎಂಟನೇವರೆಗೆ ಒಂದು, ಹೈಸ್ಕೂಲಿಗೆ ಇನ್ನೊಂದು, ಅದರ ಮೇಲೆ ಕಮ್ಯುನಿಟಿ ಕಾಲೇಜ್ ಡಿಸ್ಟ್ರಿಕ್ಟ್ ಮೂರನೇದು. ಮೂರಕ್ಕೂ ಬೇರೆ ಬೇರೆ ಬೋರ್ಡ್, ಮೂರೂ ಬೇರೆ ಬೇರೆಯಾಗಿ ಬಾಂಡ್, ಅಂದ್ರೆ ಸಾಲಕ್ಕೆ ಜನರ ಒಪ್ಪಿಗೆ, ಕೇಳಬಹುದು. ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಇದ್ರೆ ತೆಗೆದು ನೋಡಿ, ಒಂದೊಂದಕ್ಕೂ ಒಂದೊಂದು ಸಾಲು ಇರುತ್ತೆ. ಹೆಚ್ಚಿನೋರಿಗೆ ಡಿಸೆಂಬರ್ 10, ಏಪ್ರಿಲ್ 10 ಅನ್ನೋ ಎರಡು ತಾರೀಕು ಮಾತ್ರ ನೆನಪಿರುತ್ತೆ, ಬಿಲ್ ಓದಿರಲ್ಲ.

ಈ ಸಲ ನನ್ನ ಬ್ಯಾಲಟ್‌ನಲ್ಲಿ ಸ್ಕೂಲ್ ಬೋರ್ಡೇ ಇಲ್ವಲ್ಲ?

ಎರಡು ಕಾರಣ ಇರಬಹುದು. ಒಂದು, ನಿಮ್ಮ ಡಿಸ್ಟ್ರಿಕ್ಟ್ ಟ್ರಸ್ಟೀ ಏರಿಯಾ ಅಂತ ಭಾಗ ಮಾಡ್ಕೊಂಡಿರುತ್ತೆ, ನಮ್ಮ ವಾರ್ಡ್ ಇದ್ದಂಗೆ, ನಿಮ್ಮ ಏರಿಯಾ ಸೀಟು ಈ ಸಲ ಇಲ್ಲ, ಎರಡು ವರ್ಷ ಬಿಟ್ಟು ಬರುತ್ತೆ. 2001ರ ಕ್ಯಾಲಿಫೋರ್ನಿಯಾ ವೋಟಿಂಗ್ ರೈಟ್ಸ್ ಆಕ್ಟ್ ಬಂದ್ಮೇಲೆ ಕೋರ್ಟ್ ಕೇಸಿಗೆ ಹೆದರ್ಕೊಂಡು ತುಂಬಾ ಡಿಸ್ಟ್ರಿಕ್ಟ್‌ನವ್ರು ಹೀಗೆ ಬದಲಾಯಿಸ್ಕೊಂಡ್ರು.

ಎರಡನೇ ಕಾರಣ ಕೇಳಿದ್ರೆ ಬೇಜಾರಾಗುತ್ತೆ. ಮೂರು ಸೀಟಿಗೆ ಮೂರೇ ಜನ ಅರ್ಜಿ ಹಾಕಿದ್ರೆ ಎಲೆಕ್ಷನ್ನೇ ನಡ್ಸಲ್ಲ, ಆ ಮೂವರನ್ನ ಹಾಗೇ ನೇಮಕ ಮಾಡ್ಬಿಡ್ತಾರೆ. ಅವಿರೋಧ ಆಯ್ಕೆ ಅಂತೀವಲ್ಲ, ಅದೇ. ಊರಲ್ಲಿ ಹಾಲಿನ ಸೊಸೈಟಿ ಡೈರೆಕ್ಟರ್ ಸ್ಥಾನಕ್ಕೇ ಹದಿನೈದು ಜನ ನಾಮಿನೇಶನ್ ಹಾಕ್ತಾರೆ, ಇಲ್ಲಿ ನೂರಾರು ಮಿಲಿಯನ್ ಬಜೆಟ್ ಇರೋ ಸೀಟಿಗೆ ಜನ ಸಿಗಲ್ಲ.

ಪಾರ್ಟಿ ಹೆಸರೇ ಹಾಕಿಲ್ಲ, ಯಾರಿಗೆ ಹಾಕೋದು?

ಸ್ಕೂಲ್ ಬೋರ್ಡ್ ಎಲೆಕ್ಷನ್ ಪಕ್ಷಾತೀತ. ಹೆಸರಿನ ಕೆಳಗೆ "ಪೇರೆಂಟ್", "ಇಂಜಿನಿಯರ್", "ಇನ್‌ಕಂಬೆಂಟ್" (ಹಾಲಿ ಸದಸ್ಯ) ಅಂತ ಮೂರು ಪದ ಇರುತ್ತೆ, ಅಷ್ಟೇ. ನಮ್ಮವ್ರು ಮೊದ್ಲು ಮಾಡೋ ಕೆಲಸ ಯಾವ್ದಾದ್ರೂ ಇಂಡಿಯನ್ ಹೆಸರು ಇದ್ಯಾ ಅಂತ ಹುಡ್ಕೋದು, ಇದ್ರೆ ಹಾಕೋದು. ತಪ್ಪು ಅನ್ನಲ್ಲ, ನಾನೂ ಮಾಡಿದೀನಿ, ಆದ್ರೆ ಆಮೇಲೆ ಅದೇ ಮನುಷ್ಯ ಬೋರ್ಡ್‌ನಲ್ಲಿ ಏನೇನಕ್ಕೆ ಕೈ ಎತ್ತಿದ್ರು ಅಂತ ನೋಡ್ದಾಗ ತಲೆ ಕೆರ್ಕೊಂಡಿದ್ದೂ ಇದೆ.

ಕೌಂಟಿಯವ್ರು ಕಳಿಸೋ ಪುಸ್ತಕದಲ್ಲಿ ಕ್ಯಾಂಡಿಡೇಟ್ ಸ್ಟೇಟ್‌ಮೆಂಟ್ ಇರುತ್ತೆ. ಅದನ್ನ ಹಾಕ್ಸೋಕೆ ತುಂಬಾ ಕಡೆ ಕ್ಯಾಂಡಿಡೇಟೇ ದುಡ್ಡು ಕಟ್ಬೇಕು, ಹಾಗಾಗಿ ಸ್ಟೇಟ್‌ಮೆಂಟ್ ಇಲ್ಲ ಅಂದ್ರೆ ಸೋಮಾರಿ ಅಂತ ಅಲ್ಲ, ದುಡ್ಡು ಉಳಿಸಿರಬಹುದು. "ಮಕ್ಕಳೇ ಮೊದಲು" ಅಂತ ಎಲ್ರೂ ಬರೆದಿರ್ತಾರೆ, ಅದನ್ನ ಬಿಟ್ಹಾಕಿ. ಹಾಲಿ ಸದಸ್ಯರಾದ್ರೆ ಹಳೇ ಮೀಟಿಂಗ್ ಮಿನಿಟ್ಸ್ ನೋಡಿ. ಹೊಸಬರಾದ್ರೆ ಎಂಡಾರ್ಸ್‌ಮೆಂಟ್ ಯಾರ್ದು, ದುಡ್ಡು ಎಲ್ಲಿಂದ ಬಂತು ಅಂತ ನೋಡಿ. ಟೀಚರ್ಸ್ ಯೂನಿಯನ್ ಬೆಂಬಲ ಇದ್ರೆ ಒಳ್ಳೇದು ಅಂತಲೂ ಅಲ್ಲ, ಕೆಟ್ಟದ್ದು ಅಂತಲೂ ಅಲ್ಲ, ಆದ್ರೆ ಅದೇ ಯೂನಿಯನ್ ಜೊತೆ ಸಂಬಳದ ಮಾತುಕತೆಗೆ ಒಪ್ಪಿಗೆ ಕೊಡೋದು ಇದೇ ಬೋರ್ಡು ಅನ್ನೋದು ನೆನಪಿರ್ಲಿ.

ನಾನು ಎಚ್1ಬಿ, ಹೆಂಡ್ತಿ ಗ್ರೀನ್ ಕಾರ್ಡ್. ಮಗಳು ಮೂರನೇ ಕ್ಲಾಸು, ಟ್ಯಾಕ್ಸ್ ನಾವೂ ಕಟ್ತೀವಿ. ವೋಟ್ ಹಾಕಬಹುದಾ?

ಕ್ಯಾಲಿಫೋರ್ನಿಯಾದಲ್ಲಿ ಬಹುಪಾಲು ಎಲ್ಲಾ ಕಡೆ ಇಲ್ಲ. ಸಿಟಿಜನ್ ಆಗಿರ್ಬೇಕು, 18 ತುಂಬಿರ್ಬೇಕು.

ಸ್ಯಾನ್ ಫ್ರಾನ್ಸಿಸ್ಕೊ ಒಂದು ಅಪವಾದ. ಅಲ್ಲಿ 2016ರಲ್ಲಿ ಪ್ರಾಪ್ ಎನ್ (ಪ್ರಾಪ್ ಅಂದ್ರೆ ಪ್ರೊಪೊಸಿಶನ್, ಜನರ ವೋಟಿಗೆ ಹಾಕೋ ಪ್ರಸ್ತಾವ) ಪಾಸ್ ಆಗಿ, 2018ರಿಂದ 19 ವರ್ಷದೊಳಗಿನ ಮಕ್ಕಳಿರೋ ನಾನ್-ಸಿಟಿಜನ್ ಪೇರೆಂಟ್ಸ್‌ಗೆ ಸ್ಕೂಲ್ ಬೋರ್ಡ್‌ಗೆ ಮಾತ್ರ ವೋಟ್ ಇದೆ. 2022ರಲ್ಲಿ ಒಂದು ಕೋರ್ಟ್ ಅದನ್ನ ಹೊಡೆದುಹಾಕ್ತು, 2023ರ ಆಗಸ್ಟ್‌ನಲ್ಲಿ ಮೇಲಿನ ಕೋರ್ಟ್ ಮತ್ತೆ ಎತ್ತಿಹಿಡೀತು. ಓಕ್ಲೆಂಡ್‌ನವ್ರೂ 2022ರಲ್ಲಿ ಇಂಥದ್ದೇ ಮೆಷರ್ ಪಾಸ್ ಮಾಡಿದ್ರು. ಆದ್ರೆ ಕಾನೂನು ಬಿಡುತ್ತೆ ಅಂದ ತಕ್ಷಣ ಹೋಗ್ಬಿಡ್ಬೇಡಿ. ಮುಂದೆ ಸಿಟಿಜನ್‌ಶಿಪ್ ಫಾರಂ ತುಂಬೋವಾಗ ಎಲ್ಲಾದ್ರೂ ವೋಟರ್ ಆಗಿ ರಿಜಿಸ್ಟರ್ ಮಾಡಿದ್ದೀರಾ, ವೋಟ್ ಹಾಕಿದ್ದೀರಾ ಅಂತ ಕೇಳ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದ ಎಲೆಕ್ಷನ್ ಇಲಾಖೆನೇ, ನೀವು ಕೊಡೋ ಮಾಹಿತಿ ಇಮಿಗ್ರೇಶನ್‌ನವ್ರ ಕೈಗೆ ಸಿಗಬಹುದು ಅಂತ ಎಚ್ಚರಿಕೆ ಹಾಕಿದೆ. ನನ್ನ ಕೇಳಿದ್ರೆ, ಹದಿನೈದು ವರ್ಷ ಕ್ಯೂನಲ್ಲಿ ನಿಂತಿರೋರು ಒಂದು ಬೋರ್ಡ್ ಸೀಟಿಗೋಸ್ಕರ ಆ ರಿಸ್ಕ್ ತಗೋಬೇಡಿ, ತಗೊಳ್ಲೇಬೇಕು ಅಂದ್ರೆ ಲಾಯರ್‌ನ ಕೇಳಿ.

ಇನ್ನೊಂದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಫ್ರೆಂಡ್ ಬೋರ್ಡ್‌ಗೆ ನಿಂತಿದಾನೆ ಅಂತ ಎಚ್1, ಎಲ್1 ಥರದ ಕೆಲಸದ ವೀಸಾದಲ್ಲಿರೋರು ನೂರು ಡಾಲರ್ ಕಳಿಸಿದ್ರೂ ಅದು ಫೆಡರಲ್ ಕಾನೂನು ಪ್ರಕಾರ ತಪ್ಪು, ಲೋಕಲ್ ಎಲೆಕ್ಷನ್‌ಗೂ ಅದು ಅನ್ವಯ. ಗ್ರೀನ್ ಕಾರ್ಡ್ ಇರೋರು ಕೊಡಬಹುದು. ಬೋರ್ಡ್ ಮೀಟಿಂಗಲ್ಲಿ ಮಾತಾಡೋಕೆ ಮಾತ್ರ ಯಾವ ಸ್ಟೇಟಸ್ಸೂ ಬೇಕಿಲ್ಲ.

ಇದರ ಪಕ್ಕದಲ್ಲೇ ಒಂದು ತಮಾಷೆ ನೋಡಿ, ಬರ್ಕ್ಲಿ ಮತ್ತು ಓಕ್ಲೆಂಡ್‌ನಲ್ಲಿ 16, 17 ವರ್ಷದ ಸಿಟಿಜನ್ ಹುಡುಗರು 2024ರ ನವೆಂಬರ್‌ನಲ್ಲಿ ಮೊದಲ ಸಲ ಸ್ಕೂಲ್ ಬೋರ್ಡ್‌ಗೆ ವೋಟ್ ಹಾಕಿದ್ರು. ಅಂದ್ರೆ ಇಲ್ಲೇ ಹುಟ್ಟಿರೋ ಹನ್ನೊಂದನೇ ಕ್ಲಾಸಿನ ಮಗನಿಗೆ ವೋಟಿದೆ, ಟ್ಯಾಕ್ಸ್ ಕಟ್ಟಿ ಡ್ರಾಪ್ ಮಾಡೋ ಅಪ್ಪನಿಗಿಲ್ಲ.

ಬಾಂಡ್ ಅಂದ್ರೆ ಏನು? ಟ್ಯಾಕ್ಸಾ, ಸಾಲನಾ?

ಎರಡೂ. ಡಿಸ್ಟ್ರಿಕ್ಟ್‌ಗೆ ಹೊಸ ಕಟ್ಟಡ ಬೇಕು, ಛಾವಣಿ ಸೋರ್ತಿದೆ, ಎಸಿ ಇಲ್ಲ, ಲ್ಯಾಬ್ ಹಳೇದಾಗಿದೆ. ವರ್ಷದ ಬಜೆಟ್‌ನಲ್ಲಿ ಅಷ್ಟು ದುಡ್ಡು ಸಿಗಲ್ಲ. ಅದಕ್ಕೆ ಹೂಡಿಕೆದಾರರ ಹತ್ರ ಸಾಲ ಎತ್ತುತ್ತೆ, 25-30 ವರ್ಷ ಬಡ್ಡಿ ಸಮೇತ ತೀರಿಸುತ್ತೆ, ತೀರಿಸೋ ದುಡ್ಡು ಆ ಡಿಸ್ಟ್ರಿಕ್ಟ್ ಒಳಗಿರೋ ಮನೆ, ಅಂಗಡಿ, ಜಾಗದ ಪ್ರಾಪರ್ಟಿ ಟ್ಯಾಕ್ಸ್‌ನಿಂದ ಬರುತ್ತೆ. ಆ ಸಾಲಕ್ಕೆ ನಿಮ್ಮ ಒಪ್ಪಿಗೆ ಕೇಳೋದೇ ಬಾಂಡ್ ಮೆಷರ್. ಒಪ್ಪಿಗೆ ಸಿಕ್ಕ ದಿನವೇ ಪೂರ್ತಿ ಸಾಲ ಎತ್ತಲ್ಲ, ಐದು ಹತ್ತು ವರ್ಷದಲ್ಲಿ ಕಂತು ಕಂತಾಗಿ ಬಾಂಡ್ ಮಾರ್ತಾರೆ, ಹಾಗಾಗಿ ಟ್ಯಾಕ್ಸ್ ಬಿಲ್ಲಿನ ಆ ಸಾಲು ವರ್ಷ ವರ್ಷ ಏರಿಳಿತ ಆಗ್ತಿರುತ್ತೆ.

ಮೊತ್ತದ ಅಂದಾಜು ಸಿಗ್ಲಿ ಅಂತ ಹೇಳ್ತೀನಿ: ಫ್ರೀಮಾಂಟ್ ಯೂನಿಫೈಡ್ 2014ರ ಮೆಷರ್ ಇ 650 ಮಿಲಿಯನ್ ಡಾಲರ್, ಫೂಟ್‌ಹಿಲ್-ಡಿ ಆಂಜಾ ಕಾಲೇಜ್‌ನವ್ರ 2020ರ ಮೆಷರ್ ಜಿ 898 ಮಿಲಿಯನ್, ಲಾಸ್ ಏಂಜಲೀಸ್‌ದು 2024ರಲ್ಲಿ 9 ಬಿಲಿಯನ್. ಮೂರೂ ಪಾಸ್.

55 ಪರ್ಸೆಂಟ್ ಅನ್ನೋ ಲೆಕ್ಕ ಎಲ್ಲಿಂದ ಬಂತು? ಅರ್ಧಕ್ಕಿಂತ ಒಂದು ಜಾಸ್ತಿ ಸಾಲ್ದಾ?

ಇದಕ್ಕೆ ಒಂಚೂರು ಹಿಂದೆ ಹೋಗ್ಬೇಕು. 1978ರಲ್ಲಿ ಪ್ರಾಪ್ 13 ಅಂತ ಬಂತು. ಪ್ರಾಪರ್ಟಿ ಟ್ಯಾಕ್ಸ್ ಮೂಲ ದರ 1 ಪರ್ಸೆಂಟ್ ಮೀರಂಗಿಲ್ಲ, ಮನೆಯ ಅಸೆಸ್ಡ್ ವ್ಯಾಲ್ಯೂ, ಅಂದ್ರೆ ಟ್ಯಾಕ್ಸ್ ಲೆಕ್ಕಕ್ಕೆ ಹಿಡಿಯೋ ಬೆಲೆ, ವರ್ಷಕ್ಕೆ 2 ಪರ್ಸೆಂಟ್‌ಗಿಂತ ಜಾಸ್ತಿ ಏರಂಗಿಲ್ಲ, ಮನೆ ಮಾರಿದಾಗ ಹೊಸ ಬೆಲೆಗೆ ಲೆಕ್ಕ. ಸ್ಕೂಲಿನವ್ರ ಕೈ ಕಟ್ಟಿಹಾಕಿದಂಗಾಯ್ತು. ಮುಂದೆ 1986ರಲ್ಲಿ ಬಾಂಡ್‌ಗೆ ಮತ್ತೆ ದಾರಿ ಬಿಟ್ರು, ಆದ್ರೆ ಮೂರನೇ ಎರಡು ಭಾಗ ಯೆಸ್ ಬೇಕು ಅಂತ. ಅಂದ್ರೆ ನೂರರಲ್ಲಿ 34 ಜನ ಬೇಡ ಅಂದ್ರೆ ಕಥೆ ಮುಗೀತು. 2000ದ ಮಾರ್ಚ್‌ನಲ್ಲಿ ಸರಳ ಬಹುಮತ ಸಾಕು ಅಂತ ಪ್ರಾಪ್ 26 ತಂದ್ರು, ಸೋತ್ರು. ಅದೇ ವರ್ಷ ನವೆಂಬರ್‌ನಲ್ಲಿ 55 ಅಂತ ರಾಜಿ ಮಾಡ್ಕೊಂಡು ಪ್ರಾಪ್ 39 ತಂದ್ರು, ಗೆದ್ರು. ಎಷ್ಟರಲ್ಲಿ ಗೆದ್ರು ಗೊತ್ತಾ, ಸುಮಾರು 53 ಪರ್ಸೆಂಟ್. ತಾನೇ ಹಾಕಿದ 55ರ ಗೆರೆ ತಾನೇ ದಾಟಿರ್ಲಿಲ್ಲ.

55 ಸಾಕು ಅಂದಿದ್ದಕ್ಕೆ ಬದಲಾಗಿ ಷರತ್ತುಗಳನ್ನೂ ಹಾಕಿದ್ರು. ಯಾವ್ಯಾವ ಕೆಲಸ ಅಂತ ಪಟ್ಟಿ ಮೊದಲೇ ಕೊಡ್ಬೇಕು, ಬೋರ್ಡ್‌ನ ಮೂರನೇ ಎರಡು ಸದಸ್ಯರು ಒಪ್ಪಿರ್ಬೇಕು, ವರ್ಷ ವರ್ಷ ಆಡಿಟ್ ಆಗ್ಬೇಕು, ನಾಗರಿಕರ ಉಸ್ತುವಾರಿ ಸಮಿತಿ ಇರ್ಬೇಕು, ಸಂಬಳಕ್ಕೆ ಒಂದು ಸೆಂಟೂ ಮುಟ್ಟಂಗಿಲ್ಲ.

ಎಲ್ಲಾ ಸರಿ, ನನ್ನ ಜೇಬಿಗೆ ಎಷ್ಟು?

ಬ್ಯಾಲಟ್ ಮೇಲೆ ಇಲ್ಲಾ ಕೌಂಟಿ ಪುಸ್ತಕದಲ್ಲಿ ಬರೆದಿರುತ್ತೆ, "ಅಸೆಸ್ಡ್ ವ್ಯಾಲ್ಯೂನ ಪ್ರತಿ 100,000 ಡಾಲರ್‌ಗೆ ಇಷ್ಟು" ಅಂತ. ಪ್ರಾಪ್ 39 ಕೆಳಗೆ ಒಂದು ಬಾಂಡ್‌ಗೆ ಅಂದಾಜು ದರದ ಮಿತಿ ಯೂನಿಫೈಡ್‌ಗೆ 60 ಡಾಲರ್, ಬರೀ ಎಲಿಮೆಂಟರಿ ಇಲ್ಲಾ ಬರೀ ಹೈಸ್ಕೂಲ್ ಡಿಸ್ಟ್ರಿಕ್ಟ್‌ಗೆ 30, ಕಮ್ಯುನಿಟಿ ಕಾಲೇಜ್‌ಗೆ 25.

ಒಂದು ಲೆಕ್ಕ ಹಾಕೋಣ. ದರ 50 ಡಾಲರ್ ಅಂತಿಟ್ಕೊಳ್ಳಿ. ನೀವು ಈ ವರ್ಷ ಹದಿನೆಂಟು ಲಕ್ಷ ಡಾಲರ್‌ಗೆ, ಅಂದ್ರೆ ಇಲ್ಲಿಯ ಭಾಷೇಲಿ 1.8 ಮಿಲಿಯನ್‌ಗೆ, ಮನೆ ತಗೊಂಡ್ರಿ. 18 ಇಂಟು 50, ವರ್ಷಕ್ಕೆ 900, ತಿಂಗಳಿಗೆ 75. ಪಕ್ಕದ ಮನೆ ಅಜ್ಜಿ ಅದೇ ಥರದ ಮನೆನ 27 ವರ್ಷದ ಹಿಂದೆ 4 ಲಕ್ಷಕ್ಕೆ ತಗೊಂಡಿದ್ರು. ವರ್ಷಕ್ಕೆ 2 ಪರ್ಸೆಂಟ್ ಏರಿ ಅವರ ಅಸೆಸ್ಡ್ ವ್ಯಾಲ್ಯೂ ಈಗ ಹತ್ರ ಹತ್ರ 6.8 ಲಕ್ಷ. ಅವರು ಕಟ್ಟೋದು ವರ್ಷಕ್ಕೆ ಸುಮಾರು 340. ಅದೇ ಬೀದಿ, ಅದೇ ಸ್ಕೂಲು. ನ್ಯಾಯನಾ ಅಂತ ಕೇಳಿದ್ರೆ ನನ್ನ ಪ್ರಕಾರ ಅಲ್ಲ, ಆದ್ರೆ ಆ ಅನ್ಯಾಯ ಬಾಂಡ್‌ದಲ್ಲ, ಪ್ರಾಪ್ 13ದು, ಮತ್ತೆ ಇಪ್ಪತ್ತು ವರ್ಷ ಕಳೆದ್ಮೇಲೆ ನೀವೇ ಆ ಅಜ್ಜಿ ಜಾಗದಲ್ಲಿ ಇರ್ತೀರ, ಆಗ ಈ ಮಾತು ಆಡಲ್ಲ.

ಮನೆ ಮಾರಾಟದ ವೆಬ್‌ಸೈಟ್ ಝಿಲೋ ತೋರ್ಸೋ ಬೆಲೆ ಇಟ್ಕೊಂಡು ಲೆಕ್ಕ ಹಾಕ್ಬೇಡಿ ದಯವಿಟ್ಟು. ಟ್ಯಾಕ್ಸ್ ಬಿಲ್ ಮೇಲಿರೋ ಅಸೆಸ್ಡ್ ವ್ಯಾಲ್ಯೂನೇ ತಗೋಬೇಕು.

ಟೀಚರ್ಸ್ ಬಿಟ್ಟು ಹೋಗ್ತಿದಾರೆ ಅಂತಾರೆ, ಬಾಂಡ್ ದುಡ್ಡಲ್ಲಿ ಸಂಬಳ ಜಾಸ್ತಿ ಮಾಡೋಕೆ ಏನು ರೋಗ?

ಆಗಲೇ ಹೇಳಿದ್ನಲ್ಲ, ಮಾಡಂಗಿಲ್ಲ. ಬಾಂಡ್ ದುಡ್ಡು ಕಟ್ಟಡ, ರಿಪೇರಿ, ಸಲಕರಣೆಗೆ ಮಾತ್ರ. ಅದಕ್ಕೇ ಹೊಸ ಜಿಮ್ ಏಳ್ತಿರೋ ವರ್ಷವೇ ಟೀಚರ್‌ಗಳಿಗೆ ಪಿಂಕ್ ಸ್ಲಿಪ್, ಅಂದ್ರೆ ಕೆಲಸದಿಂದ ತೆಗೆಯೋ ನೋಟೀಸ್, ಕೊಡೋ ವಿಚಿತ್ರ ಕಾಣ್ಸುತ್ತೆ, ನೋಡೋರಿಗೆ ಹುಚ್ಚುತನ ಅನ್ಸುತ್ತೆ, ಆದ್ರೆ ಎರಡೂ ಬೇರೆ ಬೇರೆ ಡಬ್ಬಿ ದುಡ್ಡು. ಸಂಬಳಕ್ಕೆ, ಮ್ಯೂಸಿಕ್ ಟೀಚರ್‌ಗೆ, ಲೈಬ್ರರಿಯನ್‌ಗೆ ಅಂತ ಕೇಳೋದು ಪಾರ್ಸೆಲ್ ಟ್ಯಾಕ್ಸ್. ಅದು ಮನೆ ಬೆಲೆ ಮೇಲಲ್ಲ, ಹೆಚ್ಚಾಗಿ ಒಂದು ಸೈಟಿಗೆ ಇಷ್ಟು ಅಂತ ಒಂದೇ ದರ, ಅರಮನೆಗೂ ಅಷ್ಟೇ ಗುಡಿಸಲಿಗೂ ಅಷ್ಟೇ. ಬೋರ್ಡ್‌ನವ್ರು ತರೋ ಪಾರ್ಸೆಲ್ ಟ್ಯಾಕ್ಸ್‌ಗೆ ಮೂರನೇ ಎರಡು ಭಾಗ ವೋಟ್ ಬೇಕು, ಅದಕ್ಕೇ ಒಂದೆರಡು ಪರ್ಸೆಂಟ್‌ನಲ್ಲಿ ಸೋಲ್ತಾನೂ ಇರುತ್ತೆ. 65 ದಾಟಿದೋರಿಗೆ ತುಂಬಾ ಕಡೆ ವಿನಾಯಿತಿ ಇದೆ, ಆದ್ರೆ ಕೇಳಿ ಅರ್ಜಿ ಹಾಕ್ಬೇಕು, ತಾನಾಗೇ ಬರಲ್ಲ.

ಒಂದು ಕ್ಲಾಸ್‌ರೂಂ ಬಿಲ್ಡಿಂಗ್‌ಗೆ ಅಷ್ಟೊಂದು ದುಡ್ಡಾ? ಆ ದುಡ್ಡಲ್ಲಿ ನಾನು ಹತ್ತು ಮನೆ ಕಟ್ಟಿಸ್ತೀನಿ.

ಇದನ್ನ ಕೇಳದ ಇಂಜಿನಿಯರ್‌ನ ನಾನು ನೋಡಿಲ್ಲ. ಕಾರಣ ಭೂಕಂಪ. 1933ರ ಮಾರ್ಚ್ 10ರ ಸಂಜೆ ಆರು ಗಂಟೆ ಸುಮಾರಿಗೆ ಲಾಂಗ್ ಬೀಚ್‌ನಲ್ಲಿ ಭೂಮಿ ನಡುಗ್ತು. ಸುಮಾರು 70 ಶಾಲೆ ನೆಲಸಮ ಆಯ್ತು. ಮಕ್ಕಳೆಲ್ಲ ಮನೆಗೆ ಹೋಗಿಯಾಗಿತ್ತು. ಮೂರು ನಾಲ್ಕು ಗಂಟೆ ಮುಂಚೆ ಆಗಿದ್ರೆ ಅಂತ ಯೋಚ್ನೆ ಮಾಡಿಯೇ ಜನ ಬೆಚ್ಚಿಬಿದ್ರು, ಒಂದೇ ತಿಂಗಳಲ್ಲಿ ಫೀಲ್ಡ್ ಆಕ್ಟ್ ಅಂತ ಕಾನೂನು ಬಂತು. ಅವತ್ತಿಂದ ಕ್ಯಾಲಿಫೋರ್ನಿಯಾದ ಪಬ್ಲಿಕ್ ಸ್ಕೂಲ್ ಕಟ್ಟಡದ ಪ್ಲಾನ್ ಊರಿನ ಬಿಲ್ಡಿಂಗ್ ಆಫೀಸಿಗೆ ಹೋಗಲ್ಲ, ರಾಜ್ಯದ ಆರ್ಕಿಟೆಕ್ಟ್ ವಿಭಾಗಕ್ಕೆ ಹೋಗುತ್ತೆ, ಕೆಲಸ ನಡ್ಯೋವಾಗ ಇನ್‌ಸ್ಪೆಕ್ಟರ್ ಸೈಟಲ್ಲೇ ಇದ್ದು ನೋಡ್ತಾನೆ. ತಡ ಆಗುತ್ತೆ, ದುಬಾರಿ ಆಗುತ್ತೆ. ಇದರ ಜೊತೆ ಸರ್ಕಾರಿ ಕಾಮಗಾರಿಗೆ ಕೊಡ್ಬೇಕಾದ ಕೂಲಿ ದರದ ನಿಯಮ ಬೇರೆ. ಎಲ್ಲಾ ಖರ್ಚೂ ಭೂಕಂಪದ ಲೆಕ್ಕಕ್ಕೆ ಹೋಗುತ್ತೆ ಅಂತ ಅಲ್ಲ, ಡಿಸೈನ್ ಬದಲಾಯಿಸಿ ಬದಲಾಯಿಸಿ ಹಾಳಾಗೋದೂ ಇರುತ್ತೆ, ಆದ್ರೆ ಹತ್ತು ಮನೆ ಲೆಕ್ಕ ಇಲ್ಲಿ ನಡ್ಯಲ್ಲ.

ಇನ್ನೊಂದು ವಿಷ್ಯ, ಲೋಕಲ್ ಬಾಂಡ್ ದುಡ್ಡಿದ್ರೆ ರಾಜ್ಯ ಅದಕ್ಕೆ ಪಾಲು ಸೇರ್ಸುತ್ತೆ, ಹೊಸ ಕಟ್ಟಡಕ್ಕೆ ಮೂಲತಃ ಅರ್ಧ ಅರ್ಧ, ಹಳೇದು ಸರಿ ಮಾಡೋಕೆ ರಾಜ್ಯದ್ದು 60 ಲೋಕಲ್‌ದು 40. ಆ ರಾಜ್ಯದ ದುಡ್ಡೂ ಬಾಂಡೇ, 2024ರ ನವೆಂಬರ್‌ನಲ್ಲಿ ಪಾಸಾದ 10 ಬಿಲಿಯನ್‌ನ ಪ್ರಾಪ್ 2 ಅದು, ಬಡ ಡಿಸ್ಟ್ರಿಕ್ಟ್‌ಗಳಿಗೆ ಸ್ವಲ್ಪ ಜಾಸ್ತಿ ಪಾಲು ಕೊಡೋ ಹಂಗೆ ಮಾಡಿದಾರೆ. 2020ರ ಮಾರ್ಚ್‌ನಲ್ಲಿ 15 ಬಿಲಿಯನ್ ಕೇಳಿದ್ರು, ಸೋತಿತ್ತು. ಅದರ ನಂಬರ್ರೂ ಗ್ರಹಚಾರಕ್ಕೆ ಪ್ರಾಪ್ 13 ಅಂತಲೇ ಬಂದಿತ್ತು, ಹಳೇ ಪ್ರಾಪ್ 13ಕ್ಕೂ ಇದಕ್ಕೂ ಜನ ಕನ್‌ಫ್ಯೂಸ್ ಆದ್ರು ಅಂತ ಆಗ ಎಲ್ರೂ ಮಾತಾಡ್ಕೊಂಡ್ರು.

ದುಡ್ಡು ತಿನ್ನಲ್ವಾ?

ನಮ್ಮೂರವ್ರಿಗೆ ಮೊದ್ಲು ಬರೋ ಪ್ರಶ್ನೆ ಇದೇ, ಸಹಜ. ಉಸ್ತುವಾರಿ ಸಮಿತಿಯಲ್ಲಿ ಕನಿಷ್ಠ ಏಳು ಜನ ಇರ್ಬೇಕು, ಒಬ್ರು ಟ್ಯಾಕ್ಸ್‌ಪೇಯರ್ ಸಂಘದವ್ರು, ಒಬ್ರು ಹಿರಿಯ ನಾಗರಿಕರ ಸಂಘದವ್ರು, ಒಬ್ರು ವ್ಯಾಪಾರಸ್ಥರು, ಇಬ್ರು ಪೇರೆಂಟ್ಸ್, ಅವ್ರಲ್ಲಿ ಒಬ್ರು ಪಿಟಿಎ ಥರದ ಸಂಘದಲ್ಲಿ ಓಡಾಡೋರು. ಡಿಸ್ಟ್ರಿಕ್ಟ್ ನೌಕರರು, ಕಂಟ್ರಾಕ್ಟರ್‌ಗಳು ಇರಂಗಿಲ್ಲ. ಅವರಿಗೆ ಖರ್ಚು ತಡೆಯೋ ಅಧಿಕಾರ ಇಲ್ಲ, ನೋಡಿ ಜನಕ್ಕೆ ಹೇಳೋ ಅಧಿಕಾರ ಇದೆ. ಆ ಸಮಿತಿಗೆ ಸೇರೋಕೆ ಜನ ಸಿಗದೆ ಖಾಲಿ ಬಿದ್ದಿರೋ ಸೀಟುಗಳನ್ನ ನಾನೇ ನೋಡಿದೀನಿ. ಇಡೀ ದಿನ ಸ್ಪ್ರೆಡ್‌ಶೀಟ್ ಜೊತೆ ಬದುಕೋ ನಮ್ಮ ಜನ ಹೋಗ್ಬೇಕಾದ ಜಾಗ ಅದು.

ತಿನ್ನೋದಕ್ಕಿಂತ ದಡ್ಡತನದ ಸಾಲ ದೊಡ್ಡ ಅಪಾಯ ಅಂತ ನನಗನ್ಸುತ್ತೆ. ಸ್ಯಾನ್ ಡಿಯಾಗೊ ಹತ್ರ ಪೋವೇ ಯೂನಿಫೈಡ್ ಕಥೆ ನೋಡಿ, 4ಎಸ್ ರಾಂಚ್ ಕಡೆ ಇರೋ ನಮ್ಮವ್ರಿಗೆ ಚೆನ್ನಾಗಿ ಗೊತ್ತು. 2011ರಲ್ಲಿ ಅವರು ಕ್ಯಾಪಿಟಲ್ ಅಪ್ರಿಸಿಯೇಶನ್ ಬಾಂಡ್ ಅಂತ ಒಂದು ಥರದ ಸಾಲ ಎತ್ತಿದ್ರು, 105 ಮಿಲಿಯನ್. ಈಗ ಕಂತು ಕಟ್ಟೋದು ಬೇಡ, ಬಡ್ಡಿ ಅಸಲಿಗೆ ಸೇರ್ತಾ ಹೋಗುತ್ತೆ, ಸುಮಾರು ಇಪ್ಪತ್ತು ವರ್ಷ ಆದ್ಮೇಲೆ ಕಟ್ಟೋಕೆ ಶುರು ಮಾಡಿದ್ರೆ ಸಾಕು. ಕೇಳೋಕೆ ಚೆನ್ನಾಗಿದೆ. ಒಟ್ಟು ತೀರಿಸ್ಬೇಕಾದ್ದು ಹತ್ತಿರ ಹತ್ತಿರ 1 ಬಿಲಿಯನ್. ಚಕ್ರಬಡ್ಡಿ ಅಂದ್ರೆ ಏನು ಅಂತ ನಮ್ಮಜ್ಜ ಸಾಹುಕಾರನ ಅಂಗಡೀಲಿ ಕಲ್ತಿದ್ದ ಪಾಠ ಇದು. ಇದೆಲ್ಲ ಪೇಪರಲ್ಲಿ ಬಂದು ಗಲಾಟೆ ಆದ್ಮೇಲೆ 2013ರಲ್ಲಿ ಇಂಥ ಬಾಂಡ್ 25 ವರ್ಷ ಮೀರಂಗಿಲ್ಲ, ತೀರಿಸೋದು ಎತ್ತಿದ ಸಾಲದ ನಾಲ್ಕರಷ್ಟಕ್ಕಿಂತ ಜಾಸ್ತಿ ಆಗಂಗಿಲ್ಲ ಅಂತ ಕಾನೂನು ಮಾಡಿದ್ರು. ಗಮನಿಸಿ, ಅಲ್ಲಿ ಯಾರೂ ಕದ್ದಿರ್ಲಿಲ್ಲ. ಬೋರ್ಡ್ ಕೈ ಎತ್ತಿ ಒಪ್ಪಿತ್ತು. ಬಾಂಡ್‌ಗೆ ಯೆಸ್ ಹಾಕೋದಕ್ಕಿಂತ ಆ ದುಡ್ಡು ಯಾರ ಕೈಗೆ ಕೊಡ್ತೀವಿ ಅನ್ನೋದು ಮುಖ್ಯ ಅಂತ ನಾನು ಹೇಳೋದು ಇದಕ್ಕೇ, ಎರಡೂ ಒಂದೇ ಬ್ಯಾಲಟ್‌ನಲ್ಲಿ ಒಂದರ ಕೆಳಗೊಂದು ಇರುತ್ತೆ.

ಡಿಸ್ಟ್ರಿಕ್ಟ್‌ನಿಂದ ಬಣ್ಣ ಬಣ್ಣದ ಕಾರ್ಡ್ ಬಂತು. ಇದು ಪ್ರಚಾರ ಅಲ್ವಾ, ನಮ್ಮ ದುಡ್ಡಲ್ಲೇ?

ಸೂಕ್ಷ್ಮ ನೋಡಿ: ಆ ಕಾರ್ಡ್‌ನಲ್ಲಿ "ಯೆಸ್ ಹಾಕಿ" ಅಂತ ಎಲ್ಲೂ ಇರಲ್ಲ. ಸಾರ್ವಜನಿಕರ ದುಡ್ಡಲ್ಲಿ ಪ್ರಚಾರ ಮಾಡಂಗಿಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ, ಮಾಹಿತಿ ಕೊಡಬಹುದು ಅಷ್ಟೇ. ಹಾಗಾಗಿ ಸೋರೋ ಛಾವಣಿ ಫೋಟೋ, ನಗೋ ಮಕ್ಕಳ ಫೋಟೋ, ಕೆಳಗೆ "ಇನ್ನಷ್ಟು ತಿಳಿಯಿರಿ". ಯೆಸ್ ಹಾಕಿ ಅನ್ನೋ ಫಲಕಗಳು ಬೇರೆ ಪ್ರಚಾರ ಕಮಿಟಿದು, ದುಡ್ಡು ಕೊಟ್ಟಿರೋರು ಯಾರು ಅಂತ ನೋಡಿದ್ರೆ ಆರ್ಕಿಟೆಕ್ಟ್ ಕಂಪನಿ, ಕಟ್ಟಡ ಕಂಪನಿ ಹೆಸರು ಸಿಕ್ಕೇ ಸಿಗುತ್ತೆ.

ನಾವು ಬಾಡಿಗೆಗಿರೋರು. ನಮಗ್ಯಾಕೆ?

ವೋಟ್ ನಿಮಗೂ ಇದೆ, ಮನೆ ಇರೋರದ್ದು ಎಷ್ಟು ಲೆಕ್ಕವೋ ನಿಮ್ಮದೂ ಅಷ್ಟೇ. ಟ್ಯಾಕ್ಸ್ ನೇರವಾಗಿ ಕಟ್ಟಲ್ಲ, ಬಾಡಿಗೆ ಏರ್ಸೋವಾಗ ಓನರ್ ಇದನ್ನೂ ಒಂದು ನೆಪ ಮಾಡ್ಕೊಳ್ಳಬಹುದು.

ಡಿಸೆಂಬರ್‌ನಲ್ಲಿ ಐದು ವಾರ ಇಂಡಿಯಾಗೆ ಹೋಗ್ತೀವಿ ಅಂದ್ರೆ ಸ್ಕೂಲಿನವ್ರು ಮುಖ ಸಿಂಡರಿಸ್ತಾರೆ. ಇದಕ್ಕೂ ದುಡ್ಡಿಗೂ ಸಂಬಂಧ ಇದ್ಯಾ?

ಇದೆ, ಚೆನ್ನಾಗೇ ಇದೆ. ರಾಜ್ಯ ದುಡ್ಡು ಕೊಡೋದು ಎಷ್ಟು ಮಕ್ಕಳು ಸೇರಿದಾರೆ ಅಂತ ನೋಡಿ ಅಲ್ಲ, ದಿನಾ ಸರಾಸರಿ ಎಷ್ಟು ಮಕ್ಕಳು ಬಂದಿದ್ರು ಅಂತ ನೋಡಿ. ಜ್ವರ ಬಂದು ರಜಾ ಹಾಕಿದ್ರೂ ಆ ದಿನದ ಲೆಕ್ಕ ಹೋಯ್ತು. ಅಜ್ಜಿ ಮನೆ, ತಿರುಪತಿ, ಚಿಕ್ಕಪ್ಪನ ಮಗಳ ಮದುವೆ ಎಲ್ಲಾ ಸೇರ್ಸಿ ಐದು ವಾರ ಅಂದ್ರೆ ಡಿಸ್ಟ್ರಿಕ್ಟ್‌ಗೆ ನಷ್ಟನೇ. ಇಂಡಿಪೆಂಡೆಂಟ್ ಸ್ಟಡಿ ಅಂತ ಒಪ್ಪಂದಕ್ಕೆ ಸೈನ್ ಮಾಡಿ, ಕೊಟ್ಟ ವರ್ಕ್‌ಶೀಟ್ ಪ್ರಾಮಾಣಿಕವಾಗಿ ಮುಗಿಸಿ ತಂದ್ರೆ ಆ ಹಾಜರಿ ಸಿಗಬಹುದು, ಹೋಗೋಕೆ ಮುಂಚೆನೇ ಕೇಳಿ. ಪಾಲೊ ಆಲ್ಟೊ, ಫ್ರೀಮಾಂಟ್ ಯೂನಿಯನ್ ಥರದ ಕೆಲವು ಡಿಸ್ಟ್ರಿಕ್ಟ್‌ಗಳಿಗೆ ಪ್ರಾಪರ್ಟಿ ಟ್ಯಾಕ್ಸೇ ರಾಜ್ಯದ ಸೂತ್ರಕ್ಕಿಂತ ಜಾಸ್ತಿ ಬರುತ್ತೆ, ಬೇಸಿಕ್ ಏಡ್ ಅಂತಾರೆ, ಅಲ್ಲಿ ಹಾಜರಿಗೂ ದುಡ್ಡಿಗೂ ಈ ಥರ ನಂಟಿಲ್ಲ. ಅಲ್ಲೂ ಮುಖ ಸಿಂಡರಿಸ್ತಾರೆ, ಅದು ಬೇರೆ ಮಾತು.

ಬೋರ್ಡ್ ಮೀಟಿಂಗ್‌ಗೆ ಹೋಗಿ ಮಾತಾಡಿದ್ರೆ ಏನಾದ್ರೂ ಆಗುತ್ತಾ?

ಇಂಥ ಸಭೆಗಳು ಬಹಿರಂಗವಾಗಿ ನಡೀಬೇಕು ಅನ್ನೋ 1953ರ ಬ್ರೌನ್ ಆಕ್ಟ್ ಪ್ರಕಾರ ಮಾಮೂಲಿ ಮೀಟಿಂಗ್‌ನ ಅಜೆಂಡಾ 72 ಗಂಟೆ ಮುಂಚೆ ಹಾಕ್ಬೇಕು, ಸಾರ್ವಜನಿಕರಿಗೆ ಮಾತಾಡೋ ಅವಕಾಶ ಕೊಡ್ಬೇಕು. ಸಾಮಾನ್ಯವಾಗಿ ಎರಡು ಮೂರು ನಿಮಿಷ. ಅಜೆಂಡಾದಲ್ಲಿಲ್ಲದ ವಿಷಯಕ್ಕೆ ಅವ್ರು ಉತ್ತರ ಕೊಡಲ್ಲ, ಕೊಡದಿದ್ರೆ ಅವಮಾನ ಅನ್ಕೋಬೇಡಿ, ಅಜೆಂಡಾದಲ್ಲಿಲ್ಲದ್ದನ್ನ ಚರ್ಚೆ ಮಾಡೋಕೆ ಕಾನೂನೇ ಬಿಡಲ್ಲ. ನಾನು ಒಂದ್ಸಲ ಮ್ಯಾಥ್ ಪ್ಲೇಸ್‌ಮೆಂಟ್ (ಯಾವ ಮಗು ಯಾವ ಮಟ್ಟದ ಗಣಿತದ ಕ್ಲಾಸಿಗೆ ಅನ್ನೋದು) ಬಗ್ಗೆ ಮಾತಾಡೋಕೆ ಹೋಗಿ ರಾತ್ರಿ 11:40ಕ್ಕೆ ನನ್ನ ಸರದಿ ಬಂತು, ಒಬ್ರು ಸದಸ್ಯರು ಆಕಳಿಸ್ತಿದ್ರು, ನಾನೂ ಆಕಳಿಸ್ತಿದ್ದೆ. ಏನೂ ಆಗ್ಲಿಲ್ಲ. ಎರಡನೇ ಸಲ ಆರು ಮನೆಯವ್ರು ಒಟ್ಟಿಗೆ ಹೋದ್ವಿ, ಮುಂಚೆನೇ ಈಮೇಲ್ ಹಾಕಿದ್ವಿ, ಆಗ ವಿಷಯ ಮುಂದಿನ ತಿಂಗಳ ಅಜೆಂಡಾಗೆ ಬಂತು.

ಇಷ್ಟ ಇಲ್ಲದಿದ್ರೆ ಮಧ್ಯದಲ್ಲೇ ಇಳಿಸಬಹುದಾ?

ರಿಕಾಲ್ ಅಂತ ಇದೆ, ಸಹಿ ಸಂಗ್ರಹಿಸ್ಬೇಕು. ದೊಡ್ಡ ಉದಾಹರಣೆ ಸ್ಯಾನ್ ಫ್ರಾನ್ಸಿಸ್ಕೊ. ಕೋವಿಡ್‌ನಲ್ಲಿ ಸ್ಕೂಲ್ ಮುಚ್ಚೇ ಇದ್ದಾಗ ಅಲ್ಲಿನ ಬೋರ್ಡ್ 2021ರ ಜನವರಿಯಲ್ಲಿ 44 ಸ್ಕೂಲ್‌ಗಳ ಹೆಸರು ಬದಲಾಯಿಸೋ ತೀರ್ಮಾನ ಮಾಡ್ತು, ಲಿಂಕನ್, ವಾಷಿಂಗ್ಟನ್ ಹೆಸರೂ ಆ ಪಟ್ಟಿಯಲ್ಲಿತ್ತು. ಜೊತೆಗೆ ಲೋವೆಲ್ ಹೈಸ್ಕೂಲಿನ ಮೆರಿಟ್ ಅಡ್ಮಿಶನ್ ತೆಗೆದ್ರು. ಏಷ್ಯನ್ ಪೇರೆಂಟ್ಸ್ ಎದ್ದುನಿಂತ್ರು. 2022ರ ಫೆಬ್ರವರಿ 15ರಂದು ಬೋರ್ಡ್‌ನ ಮೂವರು ಸದಸ್ಯರನ್ನ, ಒಬ್ಬೊಬ್ಬರನ್ನೂ ಮೂರನೇ ಎರಡಕ್ಕಿಂತ ಜಾಸ್ತಿ ವೋಟಲ್ಲಿ, ಮನೆಗೆ ಕಳಿಸಿದ್ರು. ಎಂಟನೇ ಕ್ಲಾಸಲ್ಲಿ ಆಲ್ಜೀಬ್ರಾ ತೆಗೆದಿದ್ದ ಜಗಳ ಇನ್ನೂ ಎರಡು ವರ್ಷ ನಡೀತು, 2024ರ ಮಾರ್ಚ್‌ನಲ್ಲಿ ವಾಪಸ್ ತನ್ನಿ ಅಂತ ಜನ ವೋಟ್ ಹಾಕಿ ಹೇಳಿದ್ರು.

ನಾನೇ ನಿಂತ್ಕೊಂಡ್ರೆ?

ನಿಂತ್ಕೊಳ್ಳಿ. ಡಿಸ್ಟ್ರಿಕ್ಟ್ ಒಳಗೆ, ಟ್ರಸ್ಟೀ ಏರಿಯಾ ಇದ್ರೆ ಆ ಏರಿಯಾ ಒಳಗೆ, ರಿಜಿಸ್ಟರ್ಡ್ ವೋಟರ್ ಆಗಿದ್ರೆ ಸಾಕು. ನವೆಂಬರ್ ಎಲೆಕ್ಷನ್‌ಗೆ ಅರ್ಜಿ ಹಾಕೋ ಸಮಯ ಎಲೆಕ್ಷನ್‌ಗೆ 113 ದಿನ ಮುಂಚೆ ಶುರು, 88 ದಿನ ಮುಂಚೆ ಮುಗಿಯುತ್ತೆ, ಅಂದ್ರೆ ಜುಲೈ ಮಧ್ಯದಿಂದ ಆಗಸ್ಟ್ ಎರಡನೇ ವಾರದವರೆಗೆ. ಹಾಲಿ ಸದಸ್ಯರು ಮತ್ತೆ ಅರ್ಜಿ ಹಾಕದಿದ್ರೆ ಐದು ದಿನ ಜಾಸ್ತಿ ಸಿಗುತ್ತೆ. ನಮ್ಮವ್ರಲ್ಲಿ ಅರ್ಧ ಜನ ಆ ಹೊತ್ತಿಗೆ ಬೆಂಗಳೂರಲ್ಲಿರ್ತಾರೆ, ಬೇಸಿಗೆ ರಜಾ ಅಂತ. ತಿಂಗಳಿಗೆ ಸ್ವಲ್ಪ ಗೌರವಧನ ಬರುತ್ತೆ, ಅದನ್ನ ನಂಬ್ಕೊಂಡು ಬರ್ಬೇಡಿ.

ಟೆಕ್ಸಸ್‌ನಲ್ಲೂ ಹೀಗೇನಾ? ಅಣ್ಣ ಫ್ರಿಸ್ಕೊದಲ್ಲಿದಾನೆ.

ಅಲ್ಲಿ ಸರಳ ಬಹುಮತ ಸಾಕು. ಆದ್ರೆ 2019ರಿಂದ ಪ್ರತಿ ಸ್ಕೂಲ್ ಬಾಂಡ್ ಮೆಷರ್ ಮೇಲೂ "ಇದು ಪ್ರಾಪರ್ಟಿ ಟ್ಯಾಕ್ಸ್ ಏರಿಕೆ" ಅಂತ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಲೇಬೇಕು, ಟ್ಯಾಕ್ಸ್ ದರ ಏರದೇ ಇದ್ರೂ. ಓದಿದ ತಕ್ಷಣ ಕೈ ನೋ ಕಡೆ ಹೋಗುತ್ತೆ. 2024ರ ನವೆಂಬರ್‌ನಲ್ಲಿ ಫ್ರಿಸ್ಕೊದಲ್ಲೂ ಬಾಂಡ್ ಸೋತಿತ್ತು. ಅಲ್ಲಿ ಅಸೆಸ್‌ಮೆಂಟ್ ಲೆಕ್ಕವೂ ಬೇರೆ, ಇಲ್ಲಿಯ ಹಂಗೆ ಹಳೇ ಬೆಲೆಗೆ ಕಟ್ಟಿಹಾಕಿಲ್ಲ. ಅಣ್ಣನ್ನೇ ಕೇಳಿ.

ಅರ್ಥ ಆಗದಿದ್ರೆ ಖಾಲಿ ಬಿಡಬಹುದಾ? ಬ್ಯಾಲಟ್ ತಿರಸ್ಕಾರ ಆಗುತ್ತಾ?

ಬಿಡಬಹುದು, ಬೇರೆ ವೋಟ್‌ಗಳಿಗೆ ಏನೂ ಆಗಲ್ಲ. ಆದ್ರೆ 55 ಪರ್ಸೆಂಟ್ ಲೆಕ್ಕ ಹಾಕೋದು ಆ ಮೆಷರ್‌ಗೆ ಯೆಸ್ ಇಲ್ಲಾ ನೋ ಹಾಕಿದೋರನ್ನ ಮಾತ್ರ ಎಣಿಸಿ. ಖಾಲಿ ಬಿಟ್ಟೋರು ಎರಡೂ ಕಡೆ ಇಲ್ಲ. ಅಂದ್ರೆ ನಿಮ್ಮ ಮೂವತ್ತು ವರ್ಷದ ಟ್ಯಾಕ್ಸ್ ಪಕ್ಕದ ಮನೆ ಅಜ್ಜಿ ತೀರ್ಮಾನ ಮಾಡ್ತಾರೆ, ಅವರಂತೂ ಕೊನೇ ಪುಟದವರೆಗೂ ತುಂಬಿ, ಸೈನ್ ಮಾಡಿ, ಲೈಬ್ರರಿ ಮುಂದಿನ ಡಬ್ಬಿಗೆ ಮೊದಲನೇ ವಾರವೇ ಹಾಕಿ ಬಂದಿರ್ತಾರೆ.